ಮೊದಲ ಮಳೆಗಾಲ ಕಳೆದ ಅಳಿಯನಿಗೆ

ಉಡುಪಿ
ದೀಪಾವಳಿ ಕಳೆದ ವಾರ

ಪ್ರೀತಿಯ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಮನೆ ಕೊಂಡು ವರ್ಷ ತುಂಬುವ ಮೊದಲೇ ನೀನು ಸೊರಗಿದ್ದೀಯ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ರಜೆಯೆಲ್ಲ ಏಣಿಯ ಮೇಲೆ, ರಾತ್ರಿಯೆಲ್ಲ ಗೋಡೆಯ ಕಲೆಯ ಚಿಂತೆ. ಹೀಗಾದರೆ ಹೇಗೆ ಮಗಾ? ಮಂಗಳೂರಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆದ್ದರಿಂದ ನಮ್ಮ ಕಡೆಯ ಮನೆಗೆ ವರ್ಷವಿಡೀ ಒಂದೇ ಸಮನೆ ದುಡಿಯಬೇಕಾಗಿಲ್ಲ. ಯಾವ ಕೆಲಸ ಯಾವ ತಿಂಗಳಿನದು ಎಂದು ತಿಳಿದುಕೋ, ಉಳಿದ ದಿನಗಳು ನಿನ್ನವು.

ಮೊದಲು ಆ ಗೋಡೆಯ ವಿಷಯ. ಈಗಲೇ ಪೈಂಟ್ ಬಳಿಸಬೇಡ. ಗೋಡೆಯ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ನೀರು ಕುಡಿಯುವ ಕಲ್ಲು, ಕುಡಿದದ್ದನ್ನು ಬಿಟ್ಟುಕೊಡಲು ತಿಂಗಳುಗಳೇ ಬೇಕು. ತೇವದ ಮೇಲೆ ಪೈಂಟ್ ಹಚ್ಚಿದರೆ ಗುಳ್ಳೆ ಏಳುತ್ತದೆ, ಬಿಳಿ ಉಪ್ಪು ಪುಡಿಯಾಗಿ ಉದುರುತ್ತದೆ, ದುಡ್ಡೂ ಹೋಗುತ್ತದೆ, ನೆಮ್ಮದಿಯೂ ಹೋಗುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಬೇಕು. ಅದಕ್ಕೆ ಈ ತಿಂಗಳೇ ಸರಿ. ಟೆರೇಸಿನ ನೀರು ಹೋಗುವ ಕಿಂಡಿಗಳಿಗೆ ಬಟ್ಟೆ ತುಂಬಿದ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ತುರುಕಿ ಎರಡು ಇಂಚು ನೀರು ನಿಲ್ಲಿಸು, 24 ಗಂಟೆ ಹಾಗೆಯೇ ಬಿಡು. ಸಾವಿರ ಚದರಡಿಗೆ ಸುಮಾರು 4,700 ಲೀಟರ್ ಬೇಕು. ಈಗ ಬಾವಿ ತುಂಬಿದೆ. ಎಪ್ರಿಲ್, ಮೇಯಲ್ಲಿ ಕುಡಿಯುವುದಕ್ಕೇ ಲೆಕ್ಕ ಹಾಕುವಾಗ ಇದು ನಡೆಯದು. ಕೆಳಗೆ ಸ್ಲ್ಯಾಬಿನಲ್ಲಿ ತೇವ ಕಂಡಲ್ಲೆಲ್ಲ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆ. ಆರು ಗಂಟೆ ಬಿಟ್ಟು ನೋಡಿದಾಗ ತೇವ ಗೆರೆ ದಾಟಿದ್ದರೆ ಸೋರಿಕೆ ಟೆರೇಸಿನದೇ. ಗೆರೆಯೊಳಗೇ ನಿಂತಿದ್ದರೆ ಅದು ಹಳೆಯ ತೇವ ಆಗಿರಬಹುದು. ಆಗ ಪಡುವಣ ಗಾಳಿಗೆ ಮಳೆ ಬಡಿಯುವ ಗೋಡೆಯ ಬಿರುಕು, ಸನ್‌ಶೇಡ್ ಗೋಡೆಗೆ ಸೇರುವ ಸಂದು ನೋಡು.

ಟೆರೇಸಿನಲ್ಲಿ ಸೋರುವುದು ನಡುವಿನಲ್ಲಿ ಕಡಿಮೆ, ಪ್ಯಾರಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆಯಲ್ಲಿ ಮತ್ತು ಪೈಪಿನ ಬಾಯಲ್ಲಿ ಹೆಚ್ಚು. ಬಿರುಕನ್ನು ಅರ್ಧ ಇಂಚು ಆಳಕ್ಕೆ ಕೊರೆದು, ಧೂಳು ತೆಗೆದು, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಿಸಬೇಕು. ಆಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟ್, ಮೊದಲನೆಯದು ಒಣಗಿದ ಮೇಲೆ ಅದಕ್ಕೆ ಅಡ್ಡಲಾಗಿ ಎರಡನೆಯದು, ಪ್ಯಾರಪೆಟ್ ಮೇಲೂ ಒಂದಡಿ ಹತ್ತಿಸಿ. ನೆಲ ಚೆನ್ನಾಗಿ ಒಣಗಿರಬೇಕು, ಹಾಗಾಗಿ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿಸು. ಮೇ ತಿಂಗಳಲ್ಲಿ ಊರಿಗೆ ಊರೇ ಕೆಲಸದವರನ್ನು ಕರೆಯುತ್ತದೆ. ಕೂಲಿ ಏರುತ್ತದೆ, ಬಂದವರೂ ಅವಸರದಲ್ಲಿ ಬಳಿದು ಹೋಗುತ್ತಾರೆ. ಹೊರಗಿನ ಕೆಲಸ ಏನೇ ಇರಲಿ, ಪತ್ತನಾಜೆಯೊಳಗೆ, ಅಂದರೆ ಮೇ 24ರ ಸುಮಾರಿಗೆ, ಮುಗಿದಿರಬೇಕು. ಹತ್ತು ಕಡೆ ಸೋರುವ ಹಳೆಯ ಸ್ಲ್ಯಾಬಾದರೆ ಮಾತ್ರ ಮೇಲೆ ಶೀಟ್ ಹಾಕಿಸುವ ಯೋಚನೆ ಮಾಡು.

ಮಳೆಗಾಲದಲ್ಲಿ ಟೆರೇಸ್ ಹತ್ತಬೇಡ. ಪಾಚಿ ಹಿಡಿದ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದರೆ ಯಾವ ಗೋಡೆ ಉಳಿಸಿ ಏನು ಪ್ರಯೋಜನ? ಕಿಂಡಿಯ ಕಸ ತೆಗೆಯಲೇಬೇಕಿದ್ದರೆ ಮಳೆ ಬಿಟ್ಟ ಹಗಲಲ್ಲಿ, ಕೆಳಗೆ ಒಬ್ಬರನ್ನು ನಿಲ್ಲಿಸಿಕೊಂಡು.

ನಿನ್ನ ನಿದ್ದೆ ಕೆಡಿಸಿದ ಕರೆಂಟಿನ ವಿಷಯಕ್ಕೂ ದಾರಿ ಇದೆ. ಮಳೆ ಜೋರಾದಾಗ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಟ್ರಿಪ್ ಆಗುವುದು ಹೆಚ್ಚಾಗಿ ಗೇಟಿನ ದೀಪಕ್ಕೋ ಪಂಪಿನ ಜೋಡಣೆಗೋ ನೀರು ಇಳಿದು ಕರೆಂಟ್ ಸೋರುವುದರಿಂದ. ಕೈ ಒರೆಸಿಕೊಂಡು, ರಬ್ಬರ್ ಚಪ್ಪಲಿ ಹಾಕಿಕೊಂಡು ಎಲ್ಲ ಎಂಸಿಬಿ (ಒಂದೊಂದು ಲೈನಿನ ಸ್ವಿಚ್) ಇಳಿಸು. ಆರ್‌ಸಿಸಿಬಿ ಏರಿಸಿ, ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತಾ ಬಾ. ಯಾವುದಕ್ಕೆ ಮತ್ತೆ ಬೀಳುತ್ತದೋ ಅದೊಂದನ್ನು ಇಳಿಸಿಯೇ ಬಿಟ್ಟು ಮಲಗು, ಬೆಳಿಗ್ಗೆ ಎಲೆಕ್ಟ್ರಿಷಿಯನ್ ನೋಡುತ್ತಾನೆ. ಎಲ್ಲ ಇಳಿಸಿದ ಮೇಲೂ ಆರ್‌ಸಿಸಿಬಿ ಏರಿಸಿದಲ್ಲೇ ನಿಲ್ಲದಿದ್ದರೆ ಮೈನ್ ಇಳಿಸು, ಒಂದು ರಾತ್ರಿ ಫ್ಯಾನ್ ಇಲ್ಲದಿದ್ದರೂ ಸರಿ. ಬೀಳುತ್ತದೆ ಎಂದು ಆರ್‌ಸಿಸಿಬಿಯನ್ನು ತೆಗೆಸಿ ನೇರ ವಯರ್ ಕೊಡಿಸಲು ಮಾತ್ರ ಒಪ್ಪಬೇಡ. ಜೀವ ಕಾಯುವುದೇ ಆ 30 ಮಿಲಿಆಂಪಿಯರ್ ಡಬ್ಬಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡು. ಬೀಳದಿದ್ದರೆ ಬದಲಿಸಬೇಕು.

ಮಲಗುವ ಕೋಣೆಯ ಕಪಾಟನ್ನು ಹೊರಗೋಡೆಯಿಂದ ನಾಲ್ಕು ಬೆರಳು ದೂರ ಇಡು. ಗೋಡೆಗೆ ಒತ್ತಿದರೆ ಗಾಳಿಯಾಡದೆ ಹಿಂದೆ ಬೂಷ್ಟು ಬೆಳೆಯುತ್ತದೆ. ಮಗುವಿಗೆ ಆಗಾಗ ಬರುವ ಸೀನು, ಕೆಮ್ಮಿಗೂ ಅದು ಕಾರಣ ಇರಬಹುದು, ಡಾಕ್ಟರಿಗೆ ಹೇಳು. ವಾರಕ್ಕೊಮ್ಮೆ ಕಾಲು ಗಂಟೆ ಅಂಗಳ ಸುತ್ತಿ ಹೂವಿನ ಚಟ್ಟಿಯ ತಟ್ಟೆ, ತೆಂಗಿನ ಚಿಪ್ಪು, ಟಾರ್ಪಾಲಿನ ಮಡಿಕೆಯಲ್ಲಿ ನಿಂತ ನೀರು ಚೆಲ್ಲು. ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಸಾಕು, ವಾರ ತಪ್ಪಿಸಬೇಡ.

ಇನ್ನು ಹಣ. 30 ಲಕ್ಷ ಸಾಲಕ್ಕೆ ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು ಸುಮಾರು 26,000 ರೂಪಾಯಿ. ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟಿದರೆ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚೆ ಸಾಲ ತೀರುತ್ತದೆ. ಫ್ಲೋಟಿಂಗ್ ಬಡ್ಡಿಯ ಗೃಹಸಾಲಕ್ಕೆ ಮೊದಲೇ ಕಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ. ಆದರೆ ಆರು ತಿಂಗಳ ಕಂತು ಮತ್ತು ಮನೆಖರ್ಚಿನಷ್ಟು ಬೇರೆ ತೆಗೆದಿಡುವ ತನಕ ಆ ಅವಸರ ಬೇಡ. ಕೈ ಪೂರಾ ಖಾಲಿ ಮಾಡಿ ಸಾಲ ತೀರಿಸಲು ಹೊರಟವನಿಗೆ ಪಂಪ್ ಸುಟ್ಟರೂ ಎದೆ ಹೊಡೆದುಕೊಳ್ಳುತ್ತದೆ. ರಿಪೇರಿಗೆಂದೇ ತಿಂಗಳಿಗೆ ಎರಡು ಮೂರು ಸಾವಿರ ಬೇರೆ ಖಾತೆಗೆ ಹಾಕು.

ತಿಂಗಳಲ್ಲಿ ಎರಡು ಆದಿತ್ಯವಾರ ಮನೆಗೆ, ಅದೂ ಮಧ್ಯಾಹ್ನದ ಊಟದವರೆಗೆ. ಉಳಿದ ಎರಡರಲ್ಲಿ ಸುತ್ತಿಗೆ ಮುಟ್ಟಬೇಡ. ಗ್ಯಾಸಿನ ವಾಸನೆ, ವಯರ್ ಸುಟ್ಟ ವಾಸನೆ, ನಿಲ್ಲದೆ ಒಳಗೆ ಹರಿಯುವ ನೀರು, ಈ ಮೂರನ್ನು ಬಿಟ್ಟು ಬೇರೆ ಎಲ್ಲವೂ ಬೆಳಗಿನವರೆಗೆ ಕಾಯುತ್ತದೆ. ಇನ್ನೇನು ಯಕ್ಷಗಾನ ಮೇಳಗಳು ತಿರುಗಾಟ ಹೊರಡುತ್ತವೆ. ಹತ್ತಿರ ಎಲ್ಲಾದರೂ ಆಟ ಇದ್ದರೆ ಹೆಂಡತಿ, ಮಗುವನ್ನು ಕರೆದುಕೊಂಡು ಹೋಗು.

ಟೆರೇಸಿಗೆ ನೀರು ನಿಲ್ಲಿಸುವ ದಿನ ಮೊದಲೇ ತಿಳಿಸು. ಬೆಳಗಿನ ಬಸ್ಸಿಗೆ ಬರುತ್ತೇನೆ, ಪೆನ್ಸಿಲ್ ನಾನೇ ತರುತ್ತೇನೆ.

ಇಂತಿ,
ನಿನ್ನ ಸೋದರಮಾವ