ಮೂಗಿನ ಆಪರೇಶನ್‌ಗೆ ವರ್ಷವಾಯಿತು: ಜೊತೆಗೆ ನಿಂತವರಿಗೆ

ಹೋದ ವಾರ ಬೆಳಗಾವಿಗೆ ಹೋಗಿ ಡಾಕ್ಟರಿಗೆ ಕೊನೆಯ ಸಲ ತೋರಿಸಿಕೊಂಡು ಬಂದೆ. "ಇನ್ನು ಬರೋದು ಬೇಡ, ಆರಾಮಾಗಿರಿ" ಎಂದರು. ಮೂಗಿನ ಬಾವು, ಅದರಲ್ಲೂ ತುದಿಯ ಬಾವು, ಪೂರ್ತಿ ಇಳಿಯಲು ಒಂದು ವರ್ಷ ಹಿಡಿಯುತ್ತದೆ ಎಂದು ಅವರು ಮೊದಲೇ ಹೇಳಿದ್ದರು. ಆ ವರ್ಷ ಮುಗಿಯಲಿ, ಆಮೇಲೆ ಎಲ್ಲರಿಗೂ ಬರೆಯೋಣ ಅಂತ ಕಾದಿದ್ದೆ.

ಆಪರೇಶನ್ ಕಥೆ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಚಿಕ್ಕವಳಿದ್ದಾಗ ಪಂಚಮಿ ಜೋಕಾಲಿಯ ಹಲಗೆ ಮುಖಕ್ಕೆ ಬಡಿದದ್ದೂ ಗೊತ್ತು. ಆಗ ರಕ್ತ ನಿಂತಿತು, ಬಾವು ಇಳಿಯಿತು, ಎಲ್ಲರೂ ಮರೆತರು. ಆದರೆ ಮೂಗಿನ ನಡುಗೋಡೆಗೆ ಬೆಳೆಯುವ ವಯಸ್ಸಲ್ಲಿ ಪೆಟ್ಟು ಬಿದ್ದರೆ ಮುಂದೆ ಅದು ಸೊಟ್ಟಗೆ ಬೆಳೆಯಬಹುದು. ನನಗೆ ಹಾಗೇ ಆಯಿತು. ಕಾಲೇಜಿಗೆ ಬರುವ ಹೊತ್ತಿಗೆ ಎಡ ಹೊಳ್ಳೆ ಮುಚ್ಚಿದಂತಿತ್ತು, ಮೂಗಿನ ಮೇಲೆ ಗಂಟು ಎದ್ದಿತ್ತು, ತುದಿ ಬಲಕ್ಕೆ ವಾಲಿತ್ತು. ಉಳಿದದ್ದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ರಜೆಗೆ ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಹಾಕಿದ ನಮ್ಮ ಹೆಡ್‌ಮೇಡಂ, ನನ್ನ ಪಿರಿಯಡ್‌ಗಳನ್ನು ಹಂಚಿಕೊಂಡ ಸಹೋದ್ಯೋಗಿಗಳು, ದಿನಾಲೂ ಆಸ್ಪತ್ರೆಗೆ ಬಿಸಿ ಗಂಜಿ ಕಳಿಸಿದ ಬೆಳಗಾವಿಯ ಮಾವ್ಶಿ, ಕಾರ್ಡ್ ಮಾಡಿ ಕಳಿಸಿದ ಎಂಟನೇ ಕ್ಲಾಸಿನ ಮಕ್ಕಳು, ದುಡ್ಡು ಹೊಂದಿಸಿದ ಅಣ್ಣ, ನಿಮಗೆಲ್ಲ ಮನಸಾರೆ ಥ್ಯಾಂಕ್ಸ್. ಅಣ್ಣನ ಬಗ್ಗೆ ಇನ್ನೊಂದು ಮಾತು. ಚಂದಕ್ಕೆ ಮಾಡಿಸುವುದಕ್ಕೆ ವಿಮೆಯವರು ದುಡ್ಡು ಕೊಡುವುದಿಲ್ಲ. ಅದಕ್ಕೆ ಉಸಿರಾಟದ ಭಾಗದ ಸ್ಕ್ಯಾನ್, ರಿಪೋರ್ಟು, ಬಿಲ್ಲು ಎಲ್ಲ ಬೇರೆ ಮಾಡಿ, ಆ ಫೈಲ್ ಹಿಡಿದುಕೊಂಡು ಓಡಾಡಿದ್ದು ಅವನೇ.

ನಮ್ಮ ಶಾಲೆಯ ಇತಿಹಾಸದ ಸರ್‌ಗೂ ಒಂದು ನಮಸ್ಕಾರ ಹೇಳಬೇಕು. "ದೇವರು ಕೊಟ್ಟ ಮೂಗಿಗೆ ಕತ್ತರಿ ಯಾಕ?" ಅಂತ ಅಪ್ಪ ಹಟ ಹಿಡಿದು ಕೂತಿದ್ದರು. ಸರ್ ಮನೆಗೆ ಬಂದು, ಚಹಾ ಕುಡಿಯುತ್ತಾ, ಕವಾಸ್ಜಿಯ ಕಥೆ ಹೇಳಿದರು. ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದವ. ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಕಡೆಯ ಒಬ್ಬ ವೈದ್ಯ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗು ಕಟ್ಟಿದ. ಅದರ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಅದೇ ವಿಧಾನದಲ್ಲಿ 1814ರಲ್ಲಿ ಕಾರ್ಪ್ಯೂ ಎಂಬ ಡಾಕ್ಟರ್ ಅಲ್ಲಿಯೂ ಆಪರೇಶನ್ ಮಾಡಿದ. ಸುಶ್ರುತ ಸಂಹಿತೆಯಲ್ಲಂತೂ ಅದಕ್ಕೂ ಎಷ್ಟೋ ಹಿಂದೆಯೇ ಮೂಗು ಕಟ್ಟುವ ವಿವರ ಇದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಹೊಸ ಮೂಗಿನಿಂದ ಅವಗ ಉಸಿರು ಆಡ್ತಿತ್ತೇನು?" ಮರುದಿನ ಬೆಳಗಾವಿಗೆ ಗಾಡಿ ಹೇಳಿದವರು ಅವರೇ.

ಇನ್ನು ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ.

ಮೊದಲ ಸಲ ಡಾಕ್ಟರ್ ನನ್ನ ಕೆನ್ನೆಯನ್ನು ಎರಡು ಬೆರಳಿನಿಂದ ಹಗುರಾಗಿ ಪಕ್ಕಕ್ಕೆ ಎಳೆದು, "ಈಗ ಉಸಿರು ತಗೊಳ್ಳಿ" ಎಂದರು. ಎಡಗಡೆಯಿಂದ ತಣ್ಣನೆ ಗಾಳಿ ಸರ್ರನೆ ಒಳಗೆ ಹೋಯಿತು. ಕೈ ಬಿಟ್ಟರು, ಮತ್ತೆ ಮುಚ್ಚಿತು. ಮೂಗಿನೊಳಗಿನ ಅತಿ ಇಕ್ಕಟ್ಟಾದ ಜಾಗ ಅದು, ಅಲ್ಲಿ ಸ್ವಲ್ಪ ಕುಗ್ಗಿದರೂ ಉಸಿರು ಕಟ್ಟುತ್ತದೆ ಎಂದು ವಿವರಿಸಿದರು. ಆಮೇಲೆ ಪೆನ್ ಕೆಳಗಿಟ್ಟು, "ಉಸಿರು ಬಿಟ್ಟು ಬೇರೆ ಏನಾದರೂ ಕಾಡ್ತದಾ?" ಎಂದು ಕೇಳಿದರು.

ನಾನು ತಲೆ ತಗ್ಗಿಸಿ ಇಲ್ಲ ಎಂದೆ. ಅವ್ವ ಓಣಿಯಲ್ಲೆಲ್ಲ "ಉಸಿರಿನ ತ್ರಾಸಿಗೆ ಅಷ್ಟ" ಅಂತ ಹೇಳಿಟ್ಟಿದ್ದಳು. ಕನ್ಯೆ ನೋಡಲು ಬಂದವರು ನನ್ನ ಮುಖ ನೋಡಿ ಏನು ಮಾತಾಡಿದ್ದರು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ವೈನಿ ನನ್ನ ಕಡೆ ತಿರುಗಿದರು. "ಫೋಟೋ ತಗೀವಾಗ ಪ್ರತಿ ಸಲ ನೀ ಮಾರಿ ಒಂದ ಕಡೆ ಹೊಳ್ಳಿಸ್ತಿ. ನಾ ಮದುವ್ಯಾಗಿ ಬಂದಾಗಿಂದ ನೋಡಾಕತ್ತೀನಿ. ಅದನ್ನೂ ಹೇಳು." ಹೇಳಿದೆ. ಅಪರಿಚಿತರ ಮುಂದೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಡಾಕ್ಟರ್ ನಗಲಿಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡರು. ನನ್ನ ಮೂಗಿನ ಮಟ್ಟಿಗೆ ಅವೆರಡನ್ನು ಬೇರೆ ಮಾಡಲು ಬರುವುದಿಲ್ಲ ಎಂದರು. ಹೊರಗಿನ ಎಲುಬು ಸೊಟ್ಟ ಇದ್ದರೆ ಒಳಗಿನ ಗೋಡೆಯನ್ನು ನೆಟ್ಟಗೆ ನಿಲ್ಲಿಸುವುದು ಕಷ್ಟ. ಚಂದಕ್ಕೆ ಅಂತ ಗಂಟನ್ನಷ್ಟೇ ತೆಗೆದರೆ ಆ ಇಕ್ಕಟ್ಟಾದ ಜಾಗ ಇನ್ನೂ ಕುಗ್ಗಿ ಉಸಿರು ಕೆಡಬಹುದು. ಅದಕ್ಕೆ ನಡುಗೋಡೆಯ ಮೆತ್ತಗಿನ ಎಲುಬಿನಿಂದಲೇ ತೆಳ್ಳಗಿನ ಪಟ್ಟಿ ತೆಗೆದು ಎರಡೂ ಬದಿಗೆ ಆಸರೆ ಕೊಡುತ್ತಾರೆ. "ಬೇರೆ ಯಾರದೋ ಮೂಗು ನಿಮಗೆ ಕೊಡಲ್ಲ, ನಿಮ್ಮದನ್ನೇ ಸರಿ ಮಾಡೋಣ" ಎಂದರು. ಆ ಹಾಳೆಗಾಗಿ, ಆ ಮಾತಿಗಾಗಿ ಡಾಕ್ಟರಿಗೆ ನಾನು ಯಾವತ್ತೂ ಋಣಿ.

ಆಪರೇಶನ್ ಆದ ದಿನದ ರಾತ್ರಿಯ ಬಗ್ಗೆ ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಎರಡೂ ಹೊಳ್ಳೆಯೊಳಗೆ ಪ್ಯಾಕ್, ಮೇಲೆ ಗಟ್ಟಿ ಪಟ್ಟಿ, ಕಣ್ಣು ಬಾತು ತೆರೆಯಲು ಬರುತ್ತಿರಲಿಲ್ಲ. ಬಾಯಿಂದಲೇ ಉಸಿರಾಡಬೇಕು. ಒಂದು ಚೂರು ನಿದ್ದೆ ಹತ್ತಿದರೆ ಸಾಕು, ಬಾಯಿ ತಾನಾಗಿ ಮುಚ್ಚುತ್ತಿತ್ತು. ಉಸಿರು ನಿಂತಂತಾಗಿ ಗಾಬರಿಯಿಂದ ಏಳುತ್ತಿದ್ದೆ. ಪ್ರತಿ ಸಲವೂ ವೈನಿಯ ಕೈ ನನ್ನ ಎದೆಯ ಮೇಲೆ ಇರುತ್ತಿತ್ತು. "ಬಾಯಿಂದ ತಗೊ. ಬಾಯಿಂದ ಬಿಡು. ಹೆದರಬ್ಯಾಡ ಯವ್ವಾ, ನಾ ಇಲ್ಲೇ ಅದೀನಿ." ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು. ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಲೇ ಇದ್ದರು. ನಡುರಾತ್ರಿ ಕಪ್ಪಗೆ ವಾಂತಿಯಾಯಿತು. ನಾನು ಸತ್ತೇ ಹೋಗುತ್ತೇನೆ ಅಂದುಕೊಂಡೆ. ನುಂಗಿದ ರಕ್ತ ಹೊರಗೆ ಬರುತ್ತಿದೆ ಅಷ್ಟೇ ಎಂದು ನರ್ಸ್ ಹೇಳುವವರೆಗೆ ವೈನಿ ಒಂದು ಕೈಯಲ್ಲಿ ಟ್ರೇ, ಇನ್ನೊಂದು ಕೈಯಲ್ಲಿ ನನ್ನ ಹಣೆ ಹಿಡಿದು ನಿಂತಿದ್ದರು. ಅವರ ಸೀರೆಯೆಲ್ಲ ಹಾಳಾಗಿತ್ತು.

ಮೂಗಿನ ಕೆಳಗೆ ಕಟ್ಟಿದ ಹತ್ತಿಯ ಪಟ್ಟಿ ಎಷ್ಟು ಬೇಗ ನೆನೆಯುತ್ತದೆ ನೋಡುತ್ತಿರಿ ಎಂದು ನರ್ಸ್ ಹೇಳಿದ್ದರು. ಬರೆಯಲು ಕಾಗದ ಸಿಗಲಿಲ್ಲ. ವೈನಿ ಸ್ಕ್ಯಾನ್ ಕವರಿನ ಹಿಂದೆ, ಪಟ್ಟಿ ಬದಲಿಸಿದಾಗಲೆಲ್ಲ ಟೈಮ್ ಬರೆದಿದ್ದಾರೆ. ಆ ಕವರ್ ನನ್ನ ಹತ್ತಿರ ಇದೆ. ಮೊದಮೊದಲು ಟೈಮ್‌ಗಳು ಹತ್ತಿರ ಹತ್ತಿರ ಇವೆ, ಅಕ್ಷರ ನಡುಗಿವೆ. ಬರುಬರುತ್ತಾ ಅಂತರ ಜಾಸ್ತಿಯಾಗುತ್ತದೆ. ಬೆಳಗಿನ ಜಾವ ಒಂದು ಗೆರೆ ಎಳೆದು "ಈಗ ಕಮ್ಮಿ" ಎಂದು ಬರೆದಿದ್ದಾರೆ. ಮನೆಯಲ್ಲಿ ಅವರ ಪುಟ್ಟ ಮಗಳು ಆ ರಾತ್ರಿ ಅವ್ವನ ಹತ್ತಿರ ಅತ್ತು ಅತ್ತು ಮಲಗಿದ್ದಳು. ಅದನ್ನು ನನಗೆ ಎಷ್ಟೋ ದಿನ ಹೇಳಲೇ ಇಲ್ಲ.

ಒಂದು ವಾರಕ್ಕೆ ಪಟ್ಟಿ ತೆಗೆದರು. ಕನ್ನಡಿ ಕೊಟ್ಟರು. ಊದಿಕೊಂಡ ಮುಖ, ಕಣ್ಣಿನ ಕೆಳಗೆ ನೀಲಿ, ಅಗಲವಾದ ಮೂಗು. ಯಾರಿದು? ಇಷ್ಟೆಲ್ಲ ದುಡ್ಡು, ಇಷ್ಟೆಲ್ಲ ನೋವು ಇದಕ್ಕಾ ಅಂತ ಬಿಕ್ಕಿ ಬಿಕ್ಕಿ ಅತ್ತೆ. ಮೂಗು ಸೀಟುವಂತಿಲ್ಲ, ಅಳುವುದಕ್ಕೂ ತ್ರಾಸು. ಎಲ್ಲರೂ "ಚಂದ ಆಗೇತಿ, ಚಂದ ಆಗೇತಿ" ಎಂದರು. ನನಗೆ ಸುಳ್ಳು ಅನಿಸಿತು. ವೈನಿ ಮಾತ್ರ ಹಾಗೆ ಅನ್ನಲಿಲ್ಲ. "ಬಾವು ಐತಿ. ಇಳೀಲಿ, ಆಮ್ಯಾಲ ನೋಡೂಣು" ಎಂದು ಕನ್ನಡಿ ತೆಗೆದು ಬ್ಯಾಗಿನಲ್ಲಿ ಇಟ್ಟರು. ಆ ದಿನ ನನಗೆ ಬೇಕಾಗಿದ್ದು ನಿಜ ಹೇಳುವ ಒಬ್ಬ ಮನುಷ್ಯ, ಅಷ್ಟೇ. ಅದಕ್ಕೇ ತಿಂಗಳುಗಳಾದ ಮೇಲೆ ಅವರೇ ಒಂದು ದಿನ ರೊಟ್ಟಿ ಬಡಿಯುತ್ತಾ ತಲೆಯೆತ್ತಿ, "ಈಗ ಚಂದ ಕಾಣಾಕತ್ತೀ ನೋಡು" ಎಂದಾಗ ನಂಬಿದೆ.

ಈಗ ಬಾಯಿ ಮುಚ್ಚಿ ನಿದ್ದೆ ಮಾಡುತ್ತೇನೆ. ಒಂದು ಪಾಠ ಮುಗಿಯುವುದರೊಳಗೆ ಗಂಟಲು ಒಣಗುವುದಿಲ್ಲ. ಊರಿನ ಗಾಣದ ಕಡೆಯಿಂದ ಬೆಲ್ಲದ ವಾಸನೆ ಎರಡೂ ಹೊಳ್ಳೆಯಿಂದ ಬರುತ್ತದೆ. ಮತ್ತೆ ಹೌದು, ಶಾಲೆಯ ಗ್ರೂಪ್ ಫೋಟೋದಲ್ಲಿ ಈ ಸಲ ನೇರವಾಗಿ ಕ್ಯಾಮೆರಾ ನೋಡಿದ್ದೇನೆ. ಉಸಿರಿಗೆ ಎಷ್ಟು ಸಂತೋಷವೋ ಆ ಫೋಟೋಗೂ ಅಷ್ಟೇ ಸಂತೋಷ. ಮುಚ್ಚಿಟ್ಟುಕೊಳ್ಳುವುದಕ್ಕೆ ಅದರಲ್ಲಿ ಏನೂ ಇಲ್ಲ, ಅಲ್ವಾ?

ಮೂಗಿನ ತೊಂದರೆ ಇರುವ ಕೆಲವರು ನನಗೆ ಮೆಸೇಜ್ ಮಾಡಿದ್ದೀರಿ. ಖಂಡಿತ ಫೋನ್ ಮಾಡಿ, ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ಈ ತಿಂಗಳು ರಾತ್ರಿ ಒಂಬತ್ತರ ನಂತರ ಮಾಡಿ. ವೈನಿಗೆ ಬಿ.ಎಡ್. ಪರೀಕ್ಷೆ ಇದೆ. ಅದು ಮುಗಿಯುವವರೆಗೆ ಅವರ ಮಗಳನ್ನು ಶಾಲೆಯಿಂದ ಕರೆತರುವುದು, ಉಣ್ಣಿಸುವುದು, ಮಲಗಿಸುವುದು ಎಲ್ಲ ನನ್ನ ಪಾಲಿನ ಕೆಲಸ.