ಪಾಲಿಹೌಸ್ ವಿಚಾರವಾಗಿ ಅಪ್ಪಾಜಿಗೆ

ಬ್ರೌನ್‌ಶ್ವೈಗ್, ಜರ್ಮನಿ

ಅಪ್ಪಾಜಿಗೆ ನಮಸ್ಕಾರ.

ನಾನು ಆರಾಮಾಗಿದ್ದೇನೆ. ತುಳಸಿ, ಕಾಮಕಸ್ತೂರಿ ಬೆಳೆಯೋಕೆ ಪ್ಲಾಸ್ಟಿಕ್ ಶೀಟು ಹೊದಿಸಿದ ಪಾಲಿಹೌಸ್ ಬೇಕು ಅಂತ ತಮ್ಮ ಹಟ ಹಿಡಿದಿದ್ದಾನಂತೆ, ಅಮ್ಮ ಹೇಳಿದಳು. ದುಡ್ಡು ಕೊಡುವ ಮುಂಚೆ ಇದನ್ನು ಓದಿ.

ಇಲ್ಲಿ ಗಂಟಲು ಕೆಟ್ಟರೆ ಸೇಜ್ ಎಂಬ ಎಲೆಯ ಕಷಾಯ ಕುಡಿಯುತ್ತಾರೆ. ತುಳಸಿಯ ಕುಟುಂಬದ್ದೇ ಗಿಡ. ಜರ್ಮನಿಯಲ್ಲೂ ಬೆಳೆಯುತ್ತದೆ, ಆದರೆ ಘಮ ಜಾಸ್ತಿ ಇರುವುದು ಮೆಡಿಟರೇನಿಯನ್ ಕಡೆಯದಕ್ಕೆ. ಅಲ್ಲಿ ಬೇಸಿಗೆಯಲ್ಲಿ ಮಳೆ ಕಮ್ಮಿ, ಬಿಸಿಲು ಜೋರು. ನೀರು ಸಾಲದಾದಾಗ ಗಿಡ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರೇನೋ ಉಳಿಯಿತು, ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಕಮ್ಮಿಯಾಯಿತು. ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ಒಲೆ ಧಗಧಗ ಉರಿಯುತ್ತಿದೆ, ಎಸರಿಗೆ ಹಾಕಲು ಅಕ್ಕಿ ಇಲ್ಲ, ಹಾಗೆ. ಮಿಕ್ಕ ಶಕ್ತಿ ಎಲೆಯನ್ನೇ ಹಾಳು ಮಾಡಬಲ್ಲದು. ಅದರಲ್ಲಿ ಒಂದಿಷ್ಟು, ಘಮ ಕೊಡುವ ಎಣ್ಣೆಯಂಥ ವಸ್ತುಗಳ ತಯಾರಿಗೆ ಖರ್ಚಾಗುತ್ತದೆ. ನಾವು ಔಷಧಿ ಅಂತ ಕಿತ್ತುಕೊಳ್ಳುವುದು ಅದನ್ನೇ!

ಬಿಸಿಲಿನಲ್ಲಿರುವ ನೇರಳಾತೀತ (ಯುವಿ) ಕಿರಣದ ಕಥೆ ಬೇರೆ. ಅದರಲ್ಲಿ ಯುವಿ-ಬಿ ಎಂಬ ಭಾಗವನ್ನು ಗುರುತಿಸಲು ಗಿಡದೊಳಗೆ ಯುವಿಆರ್8 ಎಂಬ ಪ್ರೋಟೀನ್ ಇದೆ. ಅದು ಹೀಗೆ ಕೆಲಸ ಮಾಡುತ್ತದೆ ಅಂತ ಖಚಿತವಾಗಿದ್ದು 2011ರಲ್ಲಿ. ಅದು ಎಚ್ಚರಿಸಿದರೆ ಎಲೆಯ ಮೇಲ್ಪದರದಲ್ಲಿ ಫ್ಲೇವನಾಯ್ಡ್ ಎಂಬ ವಸ್ತುಗಳು ತುಂಬಿಕೊಂಡು ಕಿರಣವನ್ನು ಹೀರುತ್ತವೆ. ಕಾಮಕಸ್ತೂರಿಯ ಎಣ್ಣೆಯ ಗ್ರಂಥಿಗಳು ಸರಿಯಾಗಿ ತುಂಬಲಿಕ್ಕೂ ಯುವಿ-ಬಿ ಬೇಕು. ಕಿಟಕಿಯ ಗಾಜು ಅದನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಎಷ್ಟೋ ಪಾಲಿಹೌಸ್ ಶೀಟುಗಳೂ ಅಷ್ಟೇ. ಸೊಪ್ಪು ನೋಡಲು ಚೆಂದ, ಮೂಗಿಗೆ ಸಪ್ಪೆ.

ಹಾಗಂತ ತಮ್ಮ ನೀರು ಬಿಡುವುದನ್ನೇ ನಿಲ್ಲಿಸಿಯಾನು, ಅವನನ್ನು ನಂಬೋಕಾಗಲ್ಲ! ಗಿಡಕ್ಕೆ ನೀರು ಕಮ್ಮಿ ಮಾಡಿದರೆ ಕೆಜಿ ಎಲೆಗೆ ಸಿಗುವ ಎಣ್ಣೆ ಜಾಸ್ತಿಯಾಗಬಹುದು, ಆದರೆ ಎಲೆಯೇ ಕಮ್ಮಿ ಬರುತ್ತದೆ. ಎಕರೆ ಲೆಕ್ಕ ಹಾಕಿದರೆ ನಷ್ಟವೂ ಆದೀತು. ಗಿಡ ಚೆನ್ನಾಗಿ ಬೆಳೆಯುವವರೆಗೂ ನೀರು ಕೊಡಿ. ಕೊಯ್ಲು ಹತ್ತಿರವಾದಾಗ ಎರಡು ಸಾಲಿಗೆ ಮಾತ್ರ ಕಮ್ಮಿ ಮಾಡಿ ನೋಡಿ. ಎಣ್ಣೆ ತೆಗೆಸುವವರ ಹತ್ತಿರ ಆ ಸಾಲಿನದ್ದನ್ನು ಬೇರೆಯಾಗಿ ತೂಗಿಸಿ.

ಶೀಟು ಮಾರುವವನನ್ನು ಯುವಿ-ಬಿ ಒಳಗೆ ಬಿಡುತ್ತದಾ ಅಂತ ಕೇಳಿ. ಗೊತ್ತಿಲ್ಲ ಅಂದರೆ ಪಾಲಿಹೌಸ್‌ನ ಅರ್ಜಿಗೆ ಸಹಿ ಹಾಕಬೇಡಿ. ಭಾನುವಾರ ಫೋನ್ ಮಾಡುತ್ತೇನೆ, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇಂತಿ ನಿಮ್ಮ ಮಗಳು