ಮಾದರಿ ಕೊಟ್ಟವರಿಗೆ, ಕಲಿಸಿದವರಿಗೆ, ಪಟ್ಟು ಹಿಡಿದವರಿಗೆ

ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯ ಮತ್ತು ಗೊನೋರಿಯ ಸೋಂಕುಗಳನ್ನು ಒಟ್ಟಿಗೇ ಪತ್ತೆಹಚ್ಚುವ ನಮ್ಮ ಲ್ಯಾಂಪ್ (LAMP: ರೋಗಾಣುವಿನ ಡಿಎನ್‌ಎಯನ್ನು ಅನೇಕ ಪಟ್ಟು ಹೆಚ್ಚಿಸಿ ಗುರುತಿಸುವ ವಿಧಾನ) ಪರೀಕ್ಷೆಯ ವಿನ್ಯಾಸ ಅಂತಿಮವಾಗಿದೆ. ಇನ್ನು ಕ್ಲಿನಿಕ್‌ಗಳಲ್ಲಿ ಮೌಲ್ಯಮಾಪನ. ಅದಕ್ಕೆ ಮೊದಲು ಕೆಲವರಿಗೆ ಕೈಮುಗಿಯಬೇಕು.

ಮೊದಲು ಮಾದರಿ ಕೊಟ್ಟವರಿಗೆ. ನಿಮ್ಮ ಹೆಸರು ನಮಗೆ ಗೊತ್ತಿಲ್ಲ, ಟ್ಯೂಬಿನ ಮೇಲಿನ ಸಂಖ್ಯೆ ಮಾತ್ರ ಗೊತ್ತು. ಮಾದರಿ ಹಿಡಿಯುವುದನ್ನು ನಿಮಗೆ ಸಂಕೋಚವಾಗದಂತೆ ಹೇಳಿಕೊಟ್ಟ ಆಪ್ತಸಮಾಲೋಚಕಿಯರ ಕೆಲಸ ಸಣ್ಣದಲ್ಲ. ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇದ್ದು, ಆಮೇಲೆ ಬರುವ ಮೊದಲ 20–30 ಮಿಲಿಲೀಟರ್ ಮಾತ್ರ ಹಿಡಿಯಬೇಕು. ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕೊಡುವ ನಡುಧಾರೆ ಇಲ್ಲಿ ಬೇಡ. ಡಬ್ಬಿ ತುಂಬಿಸಿದರೆ ಮೂತ್ರನಾಳದಿಂದ ತೊಳೆದು ಬಂದ ಜೀವಕೋಶಗಳು ಹೆಚ್ಚು ಮೂತ್ರದಲ್ಲಿ ವಿರಳವಾಗಿ, ಇರುವ ಸೋಂಕೂ ತಪ್ಪಿಸಿಕೊಳ್ಳುತ್ತದೆ. ಹೆಂಗಸರಿಗಂತೂ ತಾವೇ ತೆಗೆದುಕೊಳ್ಳುವ ಯೋನಿ ಸ್ವಾಬ್ ಮೂತ್ರಕ್ಕಿಂತ ಒಂದು ಕೈ ಮೇಲು.

ಪ್ರೈಮರ್ (ಹುಡುಕಬೇಕಾದ ಡಿಎನ್‌ಎ ಭಾಗಕ್ಕೆ ಅಂಟುವ ಚಿಕ್ಕ ಡಿಎನ್‌ಎ ತುಣುಕು) ವಿನ್ಯಾಸಗಾರರು ಕ್ಲಮೈಡಿಯಕ್ಕೆ ಎರಡು ಗುರಿ ಇರಲೇಬೇಕೆಂದು ಪಟ್ಟು ಹಿಡಿದರು. ಪ್ರತಿ ಬ್ಯಾಕ್ಟೀರಿಯಾದಲ್ಲಿ ಪ್ಲಾಸ್ಮಿಡ್‌ನ (ಕ್ರೋಮೋಸೋಮಿನಿಂದ ಬೇರೆಯಾಗಿರುವ ಚಿಕ್ಕ ಡಿಎನ್‌ಎ ಉಂಗುರ) ಹಲವು ಪ್ರತಿಗಳಿರುವುದರಿಂದ ಅದೊಂದನ್ನೇ ಹುಡುಕುವುದು ಸುಲಭ, ಅಗ್ಗ ಕೂಡ. ಆದರೆ 2006ರಲ್ಲಿ ಸ್ವೀಡನ್ನಿನಲ್ಲಿ ಕಂಡ ತಳಿಯ ಪ್ಲಾಸ್ಮಿಡ್‌ನಲ್ಲಿ 377 ಬೇಸ್ ಜೋಡಿಗಳಷ್ಟು (ಡಿಎನ್‌ಎಯ 377 ಅಕ್ಷರಗಳಷ್ಟು) ತುಣುಕೇ ಇರಲಿಲ್ಲ. ಆ ತುಣುಕನ್ನೇ ನೆಚ್ಚಿದ್ದ ಪರೀಕ್ಷೆಗಳು ಸೋಂಕಿತರಿಗೂ ನೆಗೆಟಿವ್ ಎಂದವು. ಅದನ್ನು ಪತ್ತೆಹಚ್ಚಿ ಜಗತ್ತಿಗೆ ತಿಳಿಸಿದ ಅಲ್ಲಿನ ಸಂಶೋಧಕರಿಗೂ ನಾವು ಋಣಿಗಳು. ನಮ್ಮ ಪರೀಕ್ಷೆ ಪ್ಲಾಸ್ಮಿಡ್ ಜೊತೆಗೆ ಕ್ರೋಮೋಸೋಮನ್ನೂ ನೋಡುತ್ತದೆ. ಖರ್ಚು ಹೆಚ್ಚಾದರೂ ಇದೇ ಸರಿ.

ಗೊನೋರಿಯದ ತೊಡಕು ಬೇರೆ. ಗಂಟಲಲ್ಲಿ ನಿರುಪದ್ರವಿಯಾಗಿ ವಾಸಿಸುವ ನೈಸೀರಿಯ ಎಂಬ ಬ್ಯಾಕ್ಟೀರಿಯಾಗಳು ಗೊನೋರಿಯದ ಬ್ಯಾಕ್ಟೀರಿಯಾಕ್ಕೆ ಹತ್ತಿರದ ನೆಂಟರು. ಅವುಗಳನ್ನು ಕಂಡು ಪರೀಕ್ಷೆ ಪಾಸಿಟಿವ್ ಎಂದರೆ ಒಂದು ಸಂಸಾರವೇ ಒಡೆದೀತು. ನಮ್ಮ ಪರೀಕ್ಷೆ ಹಾಗೆ ಮೋಸಹೋಗುವುದೇ ಎಂದು ನೋಡಲು ಆ ತಳಿಗಳನ್ನು ಬೆಳೆಸಿಕೊಟ್ಟ ಸೂಕ್ಷ್ಮಜೀವಿ ವಿಭಾಗದವರ ಉಪಕಾರ ದೊಡ್ಡದು.

ಲ್ಯಾಬ್ ಟೆಕ್ನೀಷಿಯನ್ನರಿಗೆ ವಿಶೇಷ ವಂದನೆ. ಲ್ಯಾಂಪ್ ಕ್ರಿಯೆ 65 ಡಿಗ್ರಿಯ ಒಂದೇ ಶಾಖದಲ್ಲಿ ನಡೆದು ಅಪಾರ ಡಿಎನ್‌ಎ ಹುಟ್ಟಿಸುತ್ತದೆ. ಮುಗಿದ ಟ್ಯೂಬನ್ನು ಒಮ್ಮೆ ತೆರೆದರೂ ಸಾಕು, ಗಾಳಿಗೆ ಸೇರಿದ ಹನಿಗಳಿಂದ ಮರುದಿನ ನೆಗೆಟಿವ್ ಕಂಟ್ರೋಲ್ (ರೋಗಾಣು ಇಲ್ಲದ ಹೋಲಿಕೆಯ ಟ್ಯೂಬ್) ಕೂಡ ಪಾಸಿಟಿವ್ ಆಗಬಹುದು. ಮಿಶ್ರಣಕ್ಕೊಂದು ಕೋಣೆ, ಕ್ರಿಯೆಗೊಂದು ಕೋಣೆ. ಅಲ್ಲಿನ ಕೋಟು, ಪಿಪೆಟ್ ಇಲ್ಲಿಗೆ ಬರುವಂತಿಲ್ಲ. ಈ ಶಿಸ್ತನ್ನು ಅವರು ಒಂದು ದಿನವೂ ಸಡಿಲಿಸಲಿಲ್ಲ.

ಡಿಎನ್‌ಎ ಹೆಚ್ಚಿಸುವ ಕಿಣ್ವವನ್ನು ಒಣಗುಂಡಾಗಿಸಿದವರು ಅದರಲ್ಲಿದ್ದ ಗ್ಲಿಸರಾಲ್ ತೆಗೆದು, ಒಣಗುವಾಗ ಕಿಣ್ವವನ್ನು ಕಾಪಾಡುವ ಟ್ರೆಹಲೋಸ್ ಎಂಬ ಸಕ್ಕರೆ ಸೇರಿಸಿದರು. ಗ್ಲಿಸರಾಲ್ ಉಳಿದರೆ ಗುಂಡು ಒಣಗುವುದೇ ಇಲ್ಲ. ಒಣಗಿದ್ದೂ ಕರಾವಳಿಯ ಮಳೆಗಾಲದ ತೇವದಲ್ಲಿ ಬೇಗ ಕುಗ್ಗಿ ಅಂಟಾಗುತ್ತದೆ. ಆದ್ದರಿಂದ ಪ್ರತಿ ಪರೀಕ್ಷೆಗೂ ತೇವ ಹೀರುವ ಸಿಲಿಕಾ ಇಟ್ಟ ಬೇರೆ ಫಾಯಿಲ್ ಪೊಟ್ಟಣ. ಹರಿದ ಕೂಡಲೇ ಬಳಸಬೇಕು.

ಒಳ ಕಂಟ್ರೋಲ್ (ಕ್ರಿಯೆ ಸರಿಯಾಗಿ ನಡೆಯಿತೇ ಎಂದು ತೋರಿಸುವ ಒಳಗಿನ ತಪಾಸಣೆ) ಕೆಲಸ ಮಾಡದಿದ್ದರೆ ಪರದೆಯ ಮೇಲೆ “ನೆಗೆಟಿವ್” ಬರಕೂಡದು, “ಅಮಾನ್ಯ, ಮತ್ತೆ ಮಾದರಿ ತೆಗೆಯಿರಿ” ಎಂದೇ ಬರಬೇಕೆಂದವರು ನರ್ಸ್‌ಗಳು. ರಕ್ತ ಬೆರೆತ ಮಾದರಿ ಕ್ರಿಯೆಯನ್ನೇ ತಡೆಯಬಲ್ಲದು ಎಂಬುದನ್ನು ಬಲ್ಲವರು ಅವರು.

ಚಿಕಿತ್ಸೆಯ ನಂತರವೂ ಕೆಲವು ವಾರ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಪಾಸಿಟಿವ್ ತೋರಿಸಬಹುದು. ಅವಸರದಲ್ಲಿ ಮರುಪರೀಕ್ಷೆ ಮಾಡಿ ಔಷಧಿ ಸೋತಿತೆಂದು ತಿಳಿಯಬಾರದು ಎಂಬ ಸಾಲನ್ನು ಕಿಟ್‌ನ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಹಾಕಲು ಹೇಳಿದ ವೈದ್ಯರೇ, ಹಾಕಿದ್ದೇವೆ. ಧನ್ಯವಾದ.